ಕರಿಜಾಲಿ ಸಾಗರಕ್ಕೆ ಬಾಗಿನ

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಇಟ್ಟಿರುವ ಹೆಸರೇ ತಪ್ಪೆಂದು ಸಾರುತ್ತಿದ್ದವರು ಇಡೀ ನಾಡಿನಲ್ಲಿ ಒಬ್ಬರೇ ಇದ್ದರು. ದುರದೃಷ್ಟವಶಾತ್ ಅವರು ನನ್ನ ದೊಡ್ಡಪ್ಪ! ರಾಜಧಾನಿಯ ನಾಗರಬಾವಿಯಲ್ಲಿ ಎಂ.ಎ. ಓದುತ್ತಿದ್ದ ನಾನು ಅನ್ನಪೂರ್ಣೇಶ್ವರಿ ನಗರದ ಅವರ ಮನೆಯಲ್ಲೇ ಉಣ್ಣುತ್ತಿದ್ದೆ. ಅನ್ನ ಹಾಕುವವರ ಭೂಗೋಳವನ್ನು ತಿದ್ದುವುದು ಹೇಗೆ?

ಅವರ ತಕರಾರು ಇಷ್ಟೇ. ಅಣೆಕಟ್ಟೆಗೆ ಅದು ನಿಂತ ಊರಿನ ಹೆಸರು ಬಂತು. ಜಲಾಶಯಕ್ಕೆ, ಅಡಿಗಲ್ಲು ಇಟ್ಟು ಮುಂದೆ ಪ್ರಧಾನಿಯಾದ ಹಿರಿಯರ ಹೆಸರು ಬಂತು. ಹಿನ್ನೀರಿನಲ್ಲಿ ಮುಳುಗಿದ ದೊಡ್ಡಪ್ಪನ ಊರು ಕರಿಜಾಲಿಗೆ ಏನು ಬಂತು? ನೀರು ಬಂತು! ಆದ್ದರಿಂದ ದಿನಪತ್ರಿಕೆಯಲ್ಲಿ ಜಲಾಶಯದ ಹೆಸರು ಕಂಡಲ್ಲೆಲ್ಲ ಗೀಟು ಹೊಡೆದು, ‘ಕರಿಜಾಲಿ ಸಾಗರ’ ಎಂದು ತಿದ್ದಿದ ಮೇಲೆಯೇ ಅದನ್ನು ನಮಗೆ ಓದಲು ಕೊಡುತ್ತಿದ್ದರು.

“ಅಧಿಕೃತ ಹೆಸರು ಬ್ಯಾರೆ ಐತ್ರಿ, ದೊಡ್ಡಪ್ಪಾ” ಎಂದೆ ಒಮ್ಮೆ, ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ.

“ನಮ್ಮ ಮನಿತನದಾಗ ಮೊದಲ ಡಿಗ್ರಿ ತಗೊಂಡಾವ ನೀನು. ಮುಳುಗಿದಾವ್ರು ಯಾರು, ಹೆಸರು ಯಾರ್ದು, ಇಷ್ಟು ಕಲಿಸಿಲ್ಲೇನಲೇ ನಿನಗ?”

ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಆಳವಾಗಿ ಅಧ್ಯಯನ ಮಾಡತೊಡಗಿದೆ.

ಬೇಸಿಗೆ ಬಂದಿತೆಂದರೆ ದೊಡ್ಡಪ್ಪ, ನೀರಿಳಿದು ಊರಿನ ನೆಲ ಕಂಡೀತೆಂದು ಬಸ್ಸು ಹತ್ತಿ ಹೋಗುತ್ತಿದ್ದರು. ಕರಿಜಾಲಿ ತಗ್ಗಿನ ಊರು, ಒಮ್ಮೆಯೂ ಕಾಣಲಿಲ್ಲ. ದಂಡೆಯ ಮೇಲೆ ನಿಂತು ನೀರನ್ನೇ ಬಾಯಿತುಂಬ ಬೈದು, ಮುಂದಿನ ಬಸ್ಸಿಗೆ ಮರಳುತ್ತಿದ್ದರು.

ಅವರ ತಲೆಗೆ ಹೊಸ ಹುಳುವನ್ನು ಬಿಟ್ಟವರು ಪಕ್ಕದ ಮನೆಯ ಮಂಡ್ಯದ ಆಂಟಿ.

“ಡ್ಯಾಮ್ ಅಂದ್ರೆ ನಮ್ ಕನ್ನಂಬಾಡಿ ಕಣಣ್ಣ!” ಎಂದರು ಆಂಟಿ, ಕಾಂಪೌಂಡಿನ ಆಚೆಯಿಂದ.

“ಅದ್ಯಾರ ಹೆಸರ್ರಿ, ಅಕ್ಕಾರ?”

“ಯಾರ್ದೂ ಅಲ್ಲ. ಕಟ್ಟೆ ಕಟ್ದಾಗ ಮುಳುಗೋಯ್ತಲ್ಲ, ಆ ಊರಿಂದು. ಬೋರ್ಡ್ ಮೇಲೆ ಮಾರಾಜ್ರ ಹೆಸರೈತೆ. ನಾವು ಮಾತ್ರ ನಮ್ಮಜ್ಜಿ ಕಾಲದಿಂದ್ಲೂ ಕನ್ನಂಬಾಡಿ ಅಂತೀವಪ್ಪ.”

ಆ ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಪ್ಪ, “ಸರ್ಕಾರ ಅನ್ನೂದು ಬ್ಯಾಡಂತಲೇ ತಮ್ಮಾ, ಮಂದಿ ಅಂದ್ರ ಸಾಕಂತ!” ಎಂದು ಉದ್ಗರಿಸಿದರು.

ಮಂದಿಯ ಬಾಯಲ್ಲಿ ಅನ್ನಿಸುವುದಕ್ಕೆ ಅವರ ಸ್ವಾಧೀನದಲ್ಲಿ ಜಲಾಶಯವಾದರೂ ಎಲ್ಲಿತ್ತು? ಇತ್ತು, ಮನೆಯ ಮುಂದೆ ನೆಲದಡಿ ಕಟ್ಟಿಸಿದ ಸಂಪು! ಅದರ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ‘ಕರಿಜಾಲಿ ಸಾಗರ’ ಎಂದು ಬರೆಸಿದರು. ಕಾವೇರಿ ನೀರು ಬಂದು ಸಂಪು ತುಂಬಿದ ದಿನ, ತುಂಬಿದ ಜಲಾಶಯಕ್ಕೆ ಮುಖ್ಯಮಂತ್ರಿಗಳು ಬಾಗಿನ ಕೊಡುವಂತೆ ತಾವೂ ಕೊಡಬೇಕೆಂದು ಹಟ ಹಿಡಿದರು. ದೊಡ್ಡಮ್ಮ ಗೊಣಗುತ್ತಲೇ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟುಕೊಟ್ಟರು. ಬಾಗಿನ ಗಂಭೀರವಾಗಿ ಸಂಪಿಗಿಳಿಯಿತು. ಮರುದಿನ ಮೋಟಾರು ಗೊರ್ರೆಂದು ಕೆಮ್ಮಿ ನಿಂತೇಹೋಯಿತು!

“ನೋಡು, ಗಂಗಮ್ಮ ಖಣ ಒಪ್ಪಿಕೊಂಡಾಳ” ಎಂದರು ದೊಡ್ಡಪ್ಪ.

“ಗಂಗಮ್ಮ ಅಲ್ರೀ, ಮೋಟ್ರು!” ಎಂದರು ದೊಡ್ಡಮ್ಮ.

ಇಷ್ಟೆಲ್ಲ ಆದರೂ ಬೀದಿಯ ಜನ ಸಂಪನ್ನು ಸಂಪೆಂದೇ ಕರೆದರು. ದಾರಿಹೋಕರನ್ನೂ ನಿಲ್ಲಿಸಿ ದೊಡ್ಡಪ್ಪ ಮುಚ್ಚಳವನ್ನು ಓದಿಸುತ್ತಿದ್ದರು. ನಿಂತವರು ಓದುತ್ತಿದ್ದರು, ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು. ಬರಬರುತ್ತಾ ದೊಡ್ಡಪ್ಪ ಯಾರನ್ನೂ ನಿಲ್ಲಿಸದಾದರು. ಪತ್ರಿಕೆಯೂ ತಿದ್ದುಪಡಿಯಿಲ್ಲದೆ ನನ್ನ ಕೈಸೇರತೊಡಗಿತು. ವಿಚಿತ್ರವೆಂದರೆ, ಅದನ್ನು ಓದುವುದರಲ್ಲಿ ನನಗೆ ಸ್ವಾರಸ್ಯವೇ ಉಳಿಯಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡ ಕೊಳವೆ ಒಡೆದು, ಬೀದಿಯ ನಲ್ಲಿಗಳೆಲ್ಲ ಒಣಗಿದವು. ನಮ್ಮ ಸಂಪಿನಲ್ಲಿ ಮಾತ್ರ ನೀರಿತ್ತು. ದೊಡ್ಡಪ್ಪ ಯಾರನ್ನೂ ಕೇಳದೆ ಮುಚ್ಚಳ ತೆಗೆದು, ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಲು ನಿಂತರು. ಮೊದಲ ಕೊಡ ತುಂಬಿಸಿಕೊಂಡ ಮಂಡ್ಯದ ಆಂಟಿ ಬೀದಿಯ ತುದಿಗೂ ಕೇಳುವಂತೆ ಕೂಗಿದರು:

“ಬಿಂದಿಗೆ ತಗೊಂಡ್ ಬನ್ರೇ, ಅಣ್ಣ ಕರಿಜಾಲಿ ತೆಗೆದವ್ರೆ!”

ದೊಡ್ಡಪ್ಪನ ಕೈಯಲ್ಲಿ ಹಗ್ಗ ಹಾಗೆಯೇ ನಿಂತಿತು.

“ಇನ್ನೊಮ್ಮೆ ಅನ್ರಿ, ಅಕ್ಕಾರ.”

“ಏನು? ಕರಿಜಾಲಿ ಅಂತಲಾ?”

ದೊಡ್ಡಪ್ಪ ಮತ್ತೆ ಸೇದತೊಡಗಿದರು. ಬೀದಿ ಕರಿಜಾಲಿಯ ಮುಂದೆ ಸಾಲು ನಿಂತಿತು. “ಕರಿಜಾಲೀಲಿ ಇನ್ನೂ ಐತಾ?” ಎಂದು ಮಹಡಿಗಳಿಂದ ಕೇಳಿದರು. ನಾನು ಹಗ್ಗ ಕೇಳಿದರೂ ದೊಡ್ಡಪ್ಪ ಕೊಡಲಿಲ್ಲ. ಕಡೆಗೆ ದೊಡ್ಡಮ್ಮ ಗಾಬರಿಯಿಂದ ಹೊರಬಂದರು.

“ನಮಗೂ ಒಂದ್ ಕೊಡಾ ಉಳಸ್ರೀ! ತಳಾ ಕಾಣಾಕತ್ತೈತಿ!”

ದೊಡ್ಡಪ್ಪ ಬಕೆಟ್ಟನ್ನು ಬದಿಗಿಟ್ಟು, ಮಂಡಿಯೂರಿ, ಸಂಪಿನ ಬಾಯಿಗೆ ಬಾಗಿದರು.

“ಕಾಣಲಿ ಬಿಡು” ಎಂದರು ಮೆಲ್ಲಗೆ. “ಒಂದ್ಸಲನಾರ ಕರಿಜಾಲಿ ನೆಲಾ ನೋಡ್ತೀನಿ.”