ನೀರು ಕುಡಿಯುವ ದೋಣಿ

ಬೆಳಗ್ಗೆ ಎದ್ದು ತುಳಸಿಗೆ ನೀರು ಹಾಕುವ ಗೃಹಿಣಿಯರು ನಮ್ಮ ಕರ್ಕಿಯಲ್ಲಿ ಮನೆಗೊಬ್ಬರಿದ್ದಾರೆ. ಮಲ್ಲಿಗೆಗೆ ಹಾಕುವವರಿದ್ದಾರೆ, ಕರಿಬೇವಿನ ಗಿಡಕ್ಕೆ ಅಕ್ಕಿ ತೊಳೆದ ನೀರನ್ನೇ ಹಾಕಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ದೋಣಿಗೆ ನೀರು ಹಾಕುವವಳು ಬಹುಶಃ ನಾನೊಬ್ಬಳೇ. ಆ ದಿನವೂ ಹಾಲು ಕಾಯಿಸಿಟ್ಟು, ಅತ್ತೆಗೆ ಚಾ ಕೊಟ್ಟು, ದೋಸೆಹಿಟ್ಟಿಗೆ ಉಪ್ಪು ಬೆರೆಸಿ, ತುಳಸಿಗೊಂದು ತಂಬಿಗೆ ಎರೆದು, ಆಮೇಲೆ ಪೈಪು ಎಳೆದುಕೊಂಡು ಹೋಗಿ ಅಂಗಳದ ದೋಣಿಗೆ ಹೊದೆಸಿದ್ದ ಗೋಣಿಚೀಲಗಳನ್ನೆಲ್ಲ ತೋಯಿಸಿದೆ. ಮರದ ದೋಣಿ ಬಿಸಿಲಿಗೆ ಒಣಗಿದರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ, ಚಳಿಗಾಲದಲ್ಲಿ ನಮ್ಮ ಹಿಮ್ಮಡಿ ಒಡೆಯುವ ಹಾಗೆ. ನೀರು ಕುಡಿಸಿದರೆ ಹಲಗೆ ಉಬ್ಬಿ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಗೊತ್ತಿರಬಾರದ ಎಷ್ಟೋ ಸಂಗತಿಗಳು ಮದುವೆಯಾದ ಮೇಲೆ ಗೊತ್ತಾಗಿಬಿಡುತ್ತವೆ.

ಈ ಹಾಯಿದೋಣಿ ನಮ್ಮ ಮನೆಗೆ ಬಂದದ್ದು ಭಟ್ಕಳದಿಂದ, ಲಾರಿಯಲ್ಲಿ. ನಮ್ಮವರು ಹೊನ್ನಾವರದ ಕಾಲೇಜಿನಲ್ಲಿ ಗಣಿತದ ಮಾಸ್ತರು. ಯಾರದೋ ಮದುವೆಗೆಂದು ಭಟ್ಕಳಕ್ಕೆ ಹೋದವರು ಒಬ್ಬ ಸಾಹೇಬರ ಹಿತ್ತಿಲಲ್ಲಿ ಇದನ್ನು ನೋಡಿದರಂತೆ. ಮದುವೆಗೆ ಹೋದವರು ಊಟ ಮಾಡಿ, ತೆಂಗಿನಕಾಯಿ ಹಿಡಿದುಕೊಂಡು ಬರುತ್ತಾರೆ. ಇವರು ದೋಣಿ ತಂದರು. ಹಾಯಿ ಕಟ್ಟುವ ಕೂವೆ ಮರ ಮುರಿದಿತ್ತು, ಹಾಯಿ ಇಲಿ ಪಾಲಾಗಿತ್ತು, ತಳದಲ್ಲಿ ಕೈ ತೂರುವಷ್ಟು ದೊಡ್ಡ ತೂತಿತ್ತು. ಆ ಸಾಹೇಬರು ಆಗಾಗ ಫೋನು ಮಾಡಿ, "ಮಾಸ್ತರೇ, ನಮ್ಮ ಹುಡುಗಿ ಹೆಂಗಿದ್ದಾಳೆ?" ಎಂದು ವಿಚಾರಿಸುತ್ತಾರೆ. ಇವರು ಜಗುಲಿಯಲ್ಲಿ ಕೂತು, "ಮೈಯೆಲ್ಲ ಬಿರುಕು ಬಿಟ್ಟಿತ್ತು ಸಾಹೇಬ್ರೆ, ಎಣ್ಣೆ ಹಚ್ತಾ ಇದ್ದೇವೆ, ಈಗ ಪರವಾಗಿಲ್ಲ" ಎಂದು ಉತ್ತರಿಸಿದ್ದನ್ನು ಕೇಳಿಸಿಕೊಂಡ ಅತ್ತೆ, ಯಾವುದೋ ಬಡ ಹುಡುಗಿಗೆ ವಾಸಿಯಾಗಲೆಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ವಿಷಯ ತಿಳಿದ ಮೇಲೂ ದೀಪ ಆರಿಸಲಿಲ್ಲ. ಹಚ್ಚಿದ ದೀಪವನ್ನು ಆರಿಸಬಾರದು ಎನ್ನುವುದು ಅವರ ವಾದ.

ಎಣ್ಣೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮವರ ದೋಣಿವಿದ್ಯೆಯ ಗುರು, ಫೋನಿನ ವಿಡಿಯೋಗಳಲ್ಲಿ ಬರುವ ಬಿಳಿಗಡ್ಡದ ಒಬ್ಬ ಪರದೇಶಿ. ಇಲ್ಲಿಯ ದೋಣಿಯವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಫೈಬರ್ ಹೊಡಸ್ರಿ ಮಾಸ್ತರೇ, ಕಟ್ಟಿಗೆ ದೋಣಿ ಈಗ ಯಾರಿಗೆ ಬೇಕು?" ಆ ಪರದೇಶಿ ಮಾತ್ರ ಹಲಗೆಗೆ ಅಗಸೆ ಎಣ್ಣೆ ಹಚ್ಚಬೇಕು ಎನ್ನುತ್ತಿದ್ದ. ತಳದ ತೂತಿಗೆ ಹೊಸ ಹಲಗೆ ಕೂರಿಸಿದ್ದಾಯಿತು; ಅಗಸೆ ಎಣ್ಣೆ ಸಿಗಲಿಲ್ಲವೆಂದು ಇವರು ಬಂದರಿನ ಕಡೆಯಿಂದ ಒಂದು ಡಬ್ಬಿ ಮೀನೆಣ್ಣೆ ತಂದರು. ಅದಕ್ಕೆ ರಾಳ ಹಾಕಿ ಹಿತ್ತಿಲ ಒಲೆಯ ಮೇಲೆ ಕುದಿಸಲಿಟ್ಟರು. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚಲಿಕ್ಕೂ ಪಂಚಾಂಗ ನೋಡುವ ಪದ್ಧತಿ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎಂತದೇ ಇದು ವಾಸನೆ? ಯಾರ ಮನೆ ಒಲೆ ನಮ್ಮ ಹಿತ್ತಿಲಿಗೆ ಬಂತು?" ಎಂದು ಬಂದರು. ಅಷ್ಟರಲ್ಲಿ ಬೇಲಿಯಾಚೆಯಿಂದ ಫಿಲೋಮಿನಾಬಾಯಿಯ ತಲೆ ಕಾಣಿಸಿತು. ನಮ್ಮ ಪಕ್ಕದ ಮನೆಯವಳು. ಅವಳ ಗಂಡ ಫೈಬರ್ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ, ಅವಳು ಮೀನು ಮಾರುತ್ತಾಳೆ, ಇಬ್ಬರೂ ನಮಗೆ ಬೇಕಾದವರು. ಅವಳು ಅತ್ತೆಗೆ ಕೇಳದ ಹಾಗೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ಅಕ್ಕಾ, ನಾಚ್ಕೊಬೇಡಿ, ನಾ ಯಾರ ಹತ್ರನೂ ಹೇಳೂದಿಲ್ಲ. ಆದ್ರೆ ತಾರ್ಲೆ ಮೀನು ಹೀಂಗೆ ಗಂಟೆಗಟ್ಲೆ ಕುದಿಸೂದಲ್ಲ. ಹುಳಿ ಹಾಕಿದ್ರಾ?"

ನನ್ನ ಪಾಲಿಗೆ ಬಂದದ್ದು ಹಾಯಿ. ಹೊನ್ನಾವರದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಜೋರಾಗಿ ನಗಬಾರದೆಂದು ಕಲಿಸಿದರು, ಕಾಲು ಚಾಚಿ ಕೂರಬಾರದೆಂದು ಕಲಿಸಿದರು, ಹೊಲಿಗೆಯ ಹಿಂಬದಿ ಮುಂಬದಿಯಷ್ಟೇ ಅಚ್ಚುಕಟ್ಟಾಗಿರಬೇಕೆಂದೂ ಕಲಿಸಿದರು. ಮೊದಲಿನವೆರಡು ಸಂಸಾರದಲ್ಲಿ ಸವೆದುಹೋದವು. ಹೊಲಿಗೆ ಮಾತ್ರ ಉಳಿದಿತ್ತು. ಇವರು ಯಕ್ಷಗಾನ ಮೇಳದವರ ಹಳೆಯ ಡೇರೆಯ ಬಟ್ಟೆಯನ್ನು ತಂದು ನನ್ನ ಮುಂದೆ ಹಾಕಿ, "ಸುಮ್ನೆ ಒಂದು ಗೆರೆ ಹೊಡೆದು ಕೊಡೇ, ಸಾಕು" ಎಂದರು. ಒಂದು ಗೆರೆಯಂತೆ! ಗಾಳಿ ತುಂಬುವ ಬಟ್ಟೆಗೆ ಒಂಟಿ ಹೊಲಿಗೆ ಸಾಲುತ್ತದೆಯೇ? ಅಂಚು ಮಡಚಿ, ಮಡಿಕೆಯನ್ನು ಮತ್ತೆ ಮಡಚಿ ಜೋಡಿ ಹೊಲಿಗೆ ಹಾಕಬೇಕು, ಮೂಲೆಗಳಿಗೆ ತುಂಡು ಬಟ್ಟೆ ಕೊಟ್ಟು ಗಟ್ಟಿ ಮಾಡಬೇಕು. ಇದನ್ನು ನಾನು ಅವರಿಗೆ ವಿವರಿಸಿದಾಗ ಅವರು ಆಕಳಿಸಿದರು. ಒಂದು ಬೇಸಿಗೆಯ ಮಧ್ಯಾಹ್ನಗಳೆಲ್ಲ ನನಗೆ ಆ ಹಾಯಿಯಲ್ಲೇ ಹೋದವು. ಎಷ್ಟು ಒಗೆದರೂ ಬಟ್ಟೆಯ ಮೇಲಿದ್ದ 'ಇಂದು ರಾತ್ರಿ' ಎನ್ನುವ ದಪ್ಪ ಅಕ್ಷರಗಳು ಹೋಗಲಿಲ್ಲ. ಹಾಗಾಗಿ ನಮ್ಮ ದೋಣಿ ಹಾಯಿ ಬಿಚ್ಚಿದಾಗೆಲ್ಲ ನಡುಹಗಲಿನಲ್ಲೂ ಇಂದು ರಾತ್ರಿ ಎಂದು ಸಾರುವುದು ನಿಶ್ಚಿತ.

ಬಿಚ್ಚುವುದು ಯಾವಾಗ ಎಂಬುದೇ ಪ್ರಶ್ನೆಯಾಗಿತ್ತು. ಅಂಗಳದಲ್ಲಿ ಬಿಸಿಲು ಬೀಳುವ ಒಳ್ಳೆಯ ಜಾಗವನ್ನೆಲ್ಲ ದೋಣಿ ಹಿಡಿದು ಕೂತಿತ್ತು. ಮುರುಗಲು ಸಿಪ್ಪೆ ಒಣಗಿಸಲು ನಾನು ಮನೆಯ ಮಾಡಿನ ಮೇಲೆ ಹತ್ತಬೇಕಾಗಿತ್ತು, ಹಪ್ಪಳವನ್ನು ಬೇರೆಯವರ ಅಂಗಳಕ್ಕೆ ಹೊತ್ತುಕೊಂಡು ಹೋಗಬೇಕಾಗಿತ್ತು. ಈ ನಡುವೆ ಬಿಳಿಗಡ್ಡದವನೂ ವಿಡಿಯೋ ಹಾಕುವುದನ್ನು ನಿಲ್ಲಿಸಿದ. ನಮ್ಮವರ ಫೋನಿನಲ್ಲಿ ಈಗ ಜೇನುಪೆಟ್ಟಿಗೆಗಳು ಗುಂಯ್ಗುಟ್ಟತೊಡಗಿದ್ದವು. ಅದೇ ಹೊತ್ತಿಗೆ ಹಳದೀಪುರದ ಹತ್ತಿರ ಹೆದ್ದಾರಿಯ ಬದಿಗೆ ಹೊಸದಾಗಿ ಆದ ರೆಸಾರ್ಟಿನ ಮ್ಯಾನೇಜರು ಹುಡುಕಿಕೊಂಡು ಬಂದ. ದೋಣಿಯನ್ನು ಬಾಗಿಲಿಗೆ ಇಟ್ಟು, ದೀಪದ ಮಾಲೆ ಸುತ್ತಿ, ಅದರೊಳಗೆ ಐಸು ತುಂಬಿ ತಂಪು ಪಾನೀಯದ ಬಾಟಲಿಗಳನ್ನು ಜೋಡಿಸುವುದು ಅವನ ಯೋಜನೆ. ಬಂದವರು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ಇವರು ನನ್ನ ಮುಖ ನೋಡಿ, "ಒಂದ್ಸಲ ಹೊಳೆಗೆ ಇಳಿಸಿ ನೋಡನ. ಸಂಜೆಯೊಳಗೆ ತೇಲಿದ್ರೆ ನಮ್ದು, ಇಲ್ಲದಿದ್ರೆ ಕೊಟ್ಬಿಡನ. ನಿಂಗೂ ಅಂಗಳ ಖಾಲಿ ಆಗ್ತು" ಎಂದರು. ನಾನು ಸಂತೋಷದಿಂದ ಒಪ್ಪಿದೆ. ಸಂತೋಷವಾಗಿತ್ತು ಎಂದೇ ನನ್ನ ನೆನಪು.

ನಾನು ಮೊದಲು ಹೇಳಿದ, ಗೋಣಿಚೀಲ ತೋಯಿಸಿದ ದಿನವೇ ಆ ಪರೀಕ್ಷೆಯ ದಿನ. ಬೆಳಗಿನ ಭರತಕ್ಕೆ, ಸಮುದ್ರದ ಉಬ್ಬರದಿಂದ ಹೊಳೆಯ ನೀರು ಏರುವ ಹೊತ್ತಿಗೆ, ನೆರೆಹೊರೆಯ ಗಂಡಸರು ಸೇರಿ, ಬಾಳೆದಿಂಡುಗಳ ಮೇಲೆ ದೋಣಿಯನ್ನು ಜಾರಿಸುತ್ತ ಹಿತ್ತಿಲಿನಾಚೆಯ ಹೊಳೆಗೆ ಇಳಿಸಿದರು. ಅತ್ತೆ ಅರಿಶಿನ ಕುಂಕುಮ ಹಚ್ಚಿದರು. ಎಲ್ಲರೂ ಚಪ್ಪಾಳೆ ತಟ್ಟುವುದಕ್ಕೆ ಕೈ ಎತ್ತಿದ್ದರು. ಆಗ ಇವರು ಕೊಡಪಾನ ತೆಗೆದುಕೊಂಡು ಹೊಳೆಯ ನೀರನ್ನು ಮೊಗೆದು ಮೊಗೆದು ದೋಣಿಯೊಳಗೇ ಸುರಿಯತೊಡಗಿದರು. ಹೊರಗಿನಿಂದ ತೋಯಿಸಿದ್ದು ಸಾಲದು, ಒಮ್ಮೆ ಅಂಚಿನವರೆಗೂ ತುಂಬಿಸಿ ಹೊಟ್ಟೆತುಂಬ ಕುಡಿಯಲು ಬಿಡಬೇಕು ಎಂಬುದು ಬಿಳಿಗಡ್ಡದವನ ಕೊನೆಯ ಉಪದೇಶ. ನೋಡನೋಡುತ್ತ ದೋಣಿ ಗುಳುಗುಳು ಎಂದು ದಡದ ಬುಡದಲ್ಲೇ ಮುಳುಗಿ ಕೂತಿತು. ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಜನ ತಲೆ ಕೆರೆದುಕೊಂಡರು. ಅತ್ತೆ ನಿಧಾನವಾಗಿ, "ಮುಳುಗಿಸಲೆ ಇಷ್ಟು ವರ್ಷ ಬೇಕಾತಾ, ತಮಾ? ತಂದ ದಿನವೇ ಮಾಡ್ಲಾಗಿತ್ತು" ಎಂದು ಮಗನಿಗೆ ಹೇಳಿ ಒಳಗೆ ಹೋದರು. ಇವರಿಗೆ ಕಾಲೇಜಿನಲ್ಲಿ ಪರೀಕ್ಷೆಯ ಡ್ಯೂಟಿ. ದೋಸೆ ತಿಂದು, "ಇಳಿತಕ್ಕೆ ನೀರು ಹೊರಗೆ ಚೆಲ್ಲಿಬಿಡು, ಸಂಜೆ ಭರತಕ್ಕೆ ಏಳ್ತಾ ನೋಡನ" ಎಂದು ಹೇಳಿ ಬಸ್ಸು ಹತ್ತಿದರು. ಹೀಗೆ, ಲೋಕದಲ್ಲಿ ಯಾವ ಗಂಡನೂ ಹೆಂಡತಿಗೆ ಒಪ್ಪಿಸದ ಮನೆಗೆಲಸವೊಂದು ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಅನ್ನಕ್ಕೆ ಇಟ್ಟು ಹಿತ್ತಿಲಿಗೆ ಹೋಗಿ ನೋಡಿದೆ. ಹೊಳೆ ಇಳಿದು ದೋಣಿ ಕೆಸರಿನಲ್ಲಿ ಕೂತಿತ್ತು. ಅದರೊಳಗಿನ ನೀರು ಮಾತ್ರ ಅಂಚಿನವರೆಗೂ ಹಾಗೇ ನಿಂತಿತ್ತು. ನಾನು ಬಗ್ಗಿ ಒಂದೊಂದೇ ಹಲಗೆಯ ಸಂದಿನ ಮೇಲೆ ಬೆರಳಾಡಿಸಿದೆ. ಎಲ್ಲಿಯೂ ಜಿನುಗುತ್ತಿರಲಿಲ್ಲ. ಒಳಗಿನ ನೀರು ಹೊರಗೆ ಬರುತ್ತಿಲ್ಲವೆಂದರೆ ಹೊರಗಿನದ್ದು ಒಳಗೆ ಹೋಗುವುದು ಹೇಗೆ? ಗಣಿತ ಕಲಿಸುವವರ ಮನೆಯಲ್ಲಿದ್ದು ಇಷ್ಟೂ ತಿಳಿಯದಿದ್ದರೆ ಹೇಗೆ? ಆದರೂ ಮತ್ತೊಮ್ಮೆ ಮೊದಲ ಸಂದಿನಿಂದ ಬೆರಳಾಡಿಸುತ್ತ ಬಂದೆ. ಅಷ್ಟರಲ್ಲಿ ಹಿಂದಿನಿಂದ, "ಅಯ್ಯೋ ಮೇಡಂ, ಮುಳುಗೇಬಿಡ್ತಲ್ಲ!" ಎಂದು ಯಾರೋ ಉತ್ಸಾಹದಿಂದ ಕೂಗಿದರು. ರೆಸಾರ್ಟಿನ ಮ್ಯಾನೇಜರು! ಸಂಜೆ ಬರಬೇಕಾದವನು ಮಧ್ಯಾಹ್ನವೇ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ.

"ಮುಳುಗಿದ್ದಲ್ಲ, ಮುಳುಗಿಸಿದ್ದು" ಎಂದೆ.

"ಎರಡೂ ಒಂದೇ ಅಲ್ವಾ ಮೇಡಂ?"

"ನಿಮ್ಮನೇಲಿ ದೋಸೆಗೆ ಅಕ್ಕಿ ನೆನೆಸೂದಿಲ್ವಾ? ಅಕ್ಕಿ ಮುಳುಗೋಯ್ತು ಅಂತ ಯಾರಾದ್ರೂ ಅಳ್ತಾರಾ?"

ಅವನು ಸ್ವಲ್ಪ ತಬ್ಬಿಬ್ಬಾದ. ನಾನು ಬಿಡದೆ ಹಲಗೆ ಉಬ್ಬುವ ಕ್ರಮ, ಸಂದಿಗೆ ಹತ್ತಿ ತುರುಕುವ ಬಗೆ, ರಾಳ ಎಷ್ಟು ಹದಕ್ಕೆ ಬರಬೇಕು ಎಂಬುದನ್ನೆಲ್ಲ ವಿವರಿಸಿ, ಒಂದು ತೊಟ್ಟೂ ಸೋರದಿರುವುದನ್ನು ಬಗ್ಗಿಸಿ ತೋರಿಸಿದೆ. ನೋಡಿದವನ ಮುಖ ಅರಳಿತು. "ಸೂಪರ್ ಮೇಡಂ! ಐಸ್ ಕರಗಿದ ನೀರು ಟೈಲ್ಸ್ ಮೇಲೆ ಹರಿಯುತ್ತೇನೋ ಅಂತ ನಮ್ಮ ಓನರಿಗೆ ಅದೇ ಚಿಂತೆ ಇತ್ತು. ಈಗ ಪ್ರಾಬ್ಲಮ್ಮೇ ಇಲ್ಲ. ಗಾಡಿ ಖಾಲಿ ಇದೆ, ಈಗಲೇ ಎತ್ತಿಸಿಬಿಡ್ತೀನಿ" ಎಂದು ಫೋನು ತೆಗೆದ. ನನ್ನ ಪಾಂಡಿತ್ಯವೇ ನನಗೆ ಮುಳುವಾಯಿತು. ಸಂಜೆಯವರೆಗೆ ಗಡುವಿದೆ ಎಂದೆ. "ಸರ್‌ಗೆ ಕೇಳ್ತೀನಿ" ಎಂದ. ಸರ್ ಪರೀಕ್ಷೆಯ ಕೋಣೆಯಲ್ಲಿ ಫೋನು ಬಂದ್ ಮಾಡಿಕೊಂಡು, ಯಾರೂ ಯಾರನ್ನೂ ನೋಡಿ ಬರೆಯದ ಹಾಗೆ ಕಾಯುತ್ತಿದ್ದರು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಬಚ್ಚಲಿನ ಚೊಂಬು ತಂದೆ, ಸೀರೆ ಎತ್ತಿ ಸಿಕ್ಕಿಸಿದೆ, ದೋಣಿಯೊಳಗೆ ಕಾಲಿಟ್ಟೆ. ನೀರು ಹೊರಗೆ ಚೆಲ್ಲಲಿಕ್ಕೆಂದೇ ಇಳಿದದ್ದು. ಆದರೆ ಒಂದು ಚೊಂಬು ಚೆಲ್ಲಿ ಅಡ್ಡಹಲಗೆಯ ಮೇಲೆ ಕೂತೆ. ಮೊಳಕಾಲಿನ ಮೇಲಿನವರೆಗೂ ನೀರು. ಇನ್ನೊಂದು ಚೊಂಬು ಚೆಲ್ಲಿದೆ. ಮ್ಯಾನೇಜರು, "ಮೇಡಂ, ಸ್ವಲ್ಪ ಹೊರಗೆ ಬಂದ್ರೆ..." ಎಂದ. "ಈ ಕೆಲಸ ಅರ್ಧಕ್ಕೆ ಬಿಡುವ ಹಾಗಿಲ್ಲ" ಎಂದೆ, ಕಾನ್ವೆಂಟಿನ ಇಂಗ್ಲಿಷಿನಲ್ಲಿ, ತೀರ ಮೆಲ್ಲಗೆ. ಸಿಸ್ಟರುಗಳು ಸಿಟ್ಟು ಬಂದಾಗ ಹಾಗೆಯೇ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಕಾಲು ಚಾಚಿ, ಇಡೀ ಹೊಳೆಯನ್ನೇ ಖಾಲಿ ಮಾಡುವವಳ ಹಾಗೆ ಸಾವಕಾಶವಾಗಿ ಮೊಗೆಯುತ್ತಿದ್ದೆ. ಗೃಹಿಣಿಯನ್ನು ಕೂರಿಸಿಕೊಂಡೇ ದೋಣಿ ಎತ್ತಿಸುವುದು ಅವನ ಓನರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಬೇಲಿಯಾಚೆಯ ಒಗೆಯುವ ಕಲ್ಲಿನ ಮೇಲೆ ಫಿಲೋಮಿನಾಬಾಯಿ ಬಟ್ಟೆ ಕುಸುಬುತ್ತಿದ್ದ ಸದ್ದು ಸ್ವಲ್ಪ ಹೊತ್ತು ನಿಂತದ್ದೂ ನನಗೆ ಕೇಳಿಸಿತು. ಕೊನೆಗೆ ಮ್ಯಾನೇಜರು ಕೆಸರಿನಿಂದ ಒಂದೊಂದೇ ಬೂಟು ಕಿತ್ತುಕೊಳ್ಳುತ್ತ, "ನಾಳೆ ಸರ್ ಇದ್ದಾಗ ಬರ್ತೀನಿ" ಎಂದು ಹೋದ. ಒಲೆಯ ಮೇಲಿನ ಅನ್ನ ಏನಾಯಿತೆಂದು ಕೇಳಬೇಡಿ. ಅತ್ತೆ ಆ ಮಧ್ಯಾಹ್ನ ಅವಲಕ್ಕಿ ತಿಂದರು.

ಸಂಜೆಯ ಭರತ ಸದ್ದಿಲ್ಲದೆ ಬಂತು. ಮೊದಲು ಕೆಸರಿನ ಮೇಲಿನ ಏಡಿಯ ತೂತುಗಳು ತುಂಬಿದವು, ಆಮೇಲೆ ದೋಣಿಯ ಸುತ್ತ ತೆಳ್ಳಗೆ ನೀರು ಹಬ್ಬಿತು. ನಾನು ದಡದ ತೆಂಗಿನಮರಕ್ಕೆ ಒರಗಿ ಕೂತಿದ್ದೆ. ಹಸಿದ ಹಸುವನ್ನು ಕಟ್ಟಿ ಬಂದಿದ್ದೇನೆ, ತುಳಸಿಗೆ ದೀಪ ಹಚ್ಚಬೇಕು, ಏಳಬೇಕು ಎಂದುಕೊಳ್ಳುತ್ತ ಏಳಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ನೋಡುತ್ತಿದ್ದ ಹಾಗೆ, ಬೆಂದ ಇಡ್ಲಿ ತಟ್ಟೆಯಿಂದ ಬಿಟ್ಟು ಏಳುವ ಹಾಗೆ, ದೋಣಿಯ ಹಿಂಬದಿ ಕೆಸರಿನಿಂದ ಮೆತ್ತಗೆ ಬಿಡಿಸಿಕೊಂಡಿತು. ಆಮೇಲೆ ಮುಂಬದಿ. ಒಮ್ಮೆ ಆಚೆ, ಒಮ್ಮೆ ಈಚೆ ಒಲೆದು ಸುಮ್ಮನೆ ನಿಂತಿತು. ಬಗ್ಗಿ ಒಳಗೆ ನೋಡಿದೆ. ತಳದಲ್ಲಿ ಚೊಂಬಿಗೆ ಸಿಗದೆ ಉಳಿದಿದ್ದ ಒಂದಿಷ್ಟು ನೀರು, ಅಷ್ಟೇ ಇತ್ತು, ಹೆಚ್ಚಲಿಲ್ಲ.

ಅಷ್ಟು ಹೊತ್ತಿಗೆ ಇವರೂ ಬಸ್ಸಿಳಿದು ಬಂದರು. ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತು, "ತೇಲ್ತಾ ಇದ್ದಲೇ!" ಎಂದರು. ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. "ರೆಸಾರ್ಟಿನವ ಬಂದಿದ್ನಾ?"

"ಬಂದಿದ್ದ. ಹೋದ."

"ಅಲ್ಲಾ, ಅಂಗಳವೂ ಖಾಲಿ ಆತು, ದೋಣಿಯೂ ಉಳ್ತು. ನಿಂಗೆ ಇದರಿಂದ ಎಷ್ಟು ಉಪದ್ರ ಆಗಿತ್ತು ಅಂತ ನಂಗೆ ಗೊತ್ತಿದ್ದು" ಎಂದು ಇವರು ಅನುಕಂಪದಿಂದ ಹೇಳುವಾಗ ನಾನೂ ಅಷ್ಟೇ ಅನುಕಂಪವನ್ನು ನನ್ನ ಮೇಲೆ ತಂದುಕೊಂಡು, ನಿಟ್ಟುಸಿರು ಬಿಟ್ಟು, "ಹೌದಪ್ಪಾ, ನಿಮ್ಮ ಈ ಹುಚ್ಚು ಕಟ್ಟಿಕೊಂಡು ನನಗೆ ಸಾಕೋ ಸಾಕಾಯ್ತು" ಎಂದೆ.

ಮೀನು ಮಾರಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊಳೆಬದಿಯ ದಾರಿಯಲ್ಲಿ ಬರುತ್ತಿದ್ದ ಫಿಲೋಮಿನಾಬಾಯಿ ನಮ್ಮನ್ನು ನೋಡಿದಳು, ದೋಣಿಯನ್ನು ನೋಡಿದಳು. ನಡಿಗೆ ನಿಲ್ಲಿಸದೆ ಹೇಳಿದಳು:

"ತೇಲ್ತಾ? ಒಳ್ಳೇದಾತು. ಆದ್ರೂ ನೀವು ಪುಣ್ಯವಂತ್ರು ಅಕ್ಕಾ. ನಿಮ್ಮ ಈ ದೋಣಿ ಹುಚ್ಚಿಗೆ ಮಾಸ್ತರು ಪಾಪ ಒಂದು ಮಾತು ಆಡೂದಿಲ್ಲ. ನಮ್ಮನೆಯವ್ರಾಗಿದ್ರೆ ಯಾವಾಗ್ಲೋ ಸೀಳಿ ಒಲೆಗೆ ಹಾಕ್ತಿದ್ರು."