ಬೋಳಣ್ಣನ ಕಿವಿಗೆ ಬಿದ್ದದ್ದು

ಕಿವಿ ಇದ್ದವರೆಲ್ಲ ಕೇಳಿಸಿಕೊಳ್ಳುತ್ತಾರೆ ಎಂಬುದು ಶುದ್ಧ ತಪ್ಪು ತಿಳಿವಳಿಕೆ ಎಂದು ಈ ಕಥೆಯ ಯಜಮಾನರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಕೇಳುವುದೆಂದರೆ ಒಂದು ತಪಸ್ಸು. ಅದು ಈ ಊರಿನಲ್ಲಿ ನಾಲ್ಕೇ ಜನಕ್ಕೆ ಒಲಿದಿದೆ, ಆ ನಾಲ್ವರಲ್ಲಿ ತಾವು ಮೊದಲನೆಯವರು. (ಉಳಿದ ಮೂವರು ಯಾರು ಎಂಬ ಬಗ್ಗೆ ಅವರ ಅಭಿಪ್ರಾಯ ಆಗಾಗ ಬದಲಾಗುತ್ತಿತ್ತು.) ಹೊಟ್ಟೆಪಾಡಿಗೆ ಅವರದೊಂದು ಕನ್ನಡಕದ ಅಂಗಡಿ. ಹಗಲೆಲ್ಲ ಕಂಡವರ ಕಣ್ಣು ನೋಡುವುದು, ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಟ್ಟಲ್ಲಿ ಬಿಟ್ಟು ಹಿಂದಿನ ಕೋಣೆ ಸೇರುವುದು, ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚುವುದು. ಮತ್ತೆ ಊಟಕ್ಕೆ ಭುಜ ಹಿಡಿದು ಅಲುಗಾಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಹಿಂದಿನ ಕೋಣೆಯ ವಿಷಯ ಹೇಳಲೇಬೇಕು. ಇಡೀ ಮನೆಗೆ ಸರಿಯಾಗಿ ಬೆಳಕು ಬೀಳುವ ಕೋಣೆ ಅದೊಂದೇ. ಬೆಳಕು ಶ್ರವಣಕ್ಕೆ ಭಂಗ ತರುತ್ತದೆ ಎಂದು ಯಜಮಾನರು ಅದರ ದೊಡ್ಡ ಕಿಟಕಿಗೆ ಕಂಬಳಿಯಷ್ಟು ದಪ್ಪದ ಪರದೆ ಇಳಿಬಿಡಿಸಿದ್ದರು. ಹೊಲಿದುಕೊಟ್ಟವಳು ಹೆಂಡತಿಯೇ. ಪರದೆ, ದಿಂಬಿನ ಗವಸು ಹೊಲಿಯುವುದು ಅವಳ ಕಸುಬು; ಅವಳ ಹೊಲಿಗೆ ಮೆಷಿನ್ ಇದ್ದದ್ದು ಅಡುಗೆಮನೆಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ, ಒಂದು ಬಡಕಲು ಬಲ್ಬಿನ ಕೆಳಗೆ. ಆದರೂ ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಆ ಕೋಣೆ ತನಗೆ ಬೇಕು ಎಂದು ಬಾಯಿಬಿಟ್ಟು ಕೇಳಿದ್ದಿಲ್ಲ. ಇಂಥ ಹೆಂಡತಿ ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದು ಯಜಮಾನರು ಸ್ನೇಹಿತರ ಮುಂದೆ ಎದೆಯುಬ್ಬಿಸುತ್ತಿದ್ದರು.

ಸ್ನೇಹಿತರೆಂದರೆ ಹಲ್ಲಿನ ಡಾಕ್ಟರು, ನಿವೃತ್ತ ಗಣಿತದ ಮೇಷ್ಟ್ರು ಮತ್ತು ಲಿಫ್ಟ್ ರಿಪೇರಿಯವನು. ನಾಲ್ವರೂ ಸೇರಿ ಭಾನುವಾರಗಳಲ್ಲಿ ಹೆಡ್‌ಫೋನ್ ಕೂಟ ನಡೆಸುತ್ತಿದ್ದರು. ಡಾಕ್ಟರ ದವಾಖಾನೆಯಲ್ಲಿ ಔಷಧಿ ವಾಸನೆ, ಮೇಷ್ಟ್ರ ಮನೆಯಲ್ಲಿ ಮೊಮ್ಮಕ್ಕಳ ಗದ್ದಲ, ರಿಪೇರಿಯವನ ಮನೆಯಲ್ಲಿ ಕೂರಲು ಜಾಗವಿಲ್ಲ. ಕೂಟಕ್ಕೊಂದು ಕಾಯಂ ನೆಲೆ ಬೇಕಾಗಿತ್ತು. ತಮ್ಮ ಕೋಣೆಯೇ ಆ ನೆಲೆಯಾಗಬೇಕು, ಬಾಗಿಲ ಮೇಲೆ ಕೂಟದ ಬೋರ್ಡು ಬೀಳಬೇಕು ಎಂಬುದು ಯಜಮಾನರ ಜೀವಮಾನದ ಆಸೆ. ಅದು ಇವತ್ತು ಇತ್ಯರ್ಥವಾಗುವುದಿತ್ತು.

ಹೆಂಡತಿ ಹೊಲಿದ ಪರದೆಗಳನ್ನು ಗಿರಾಕಿಗೆ ತಲುಪಿಸಲು ಹೋಗಿದ್ದಳು. ಮಧ್ಯಾಹ್ನ ಮೂವರೂ ಬಂದರು. ಡಾಕ್ಟರು ಮಖಮಲ್ಲಿನ ಚೀಲದಿಂದ ತಮ್ಮ ಹೆಡ್‌ಫೋನನ್ನು ಎಳೆಗೂಸು ಎತ್ತುವ ಹಾಗೆ ಎತ್ತಿದರು. ರಿಪೇರಿಯವನು ತಾನೇ ಬೆಸುಗೆ ಹಾಕಿದ ಹೊಸ ವೈರು ತೋರಿಸಿದ. ಮೇಷ್ಟ್ರದು ಹಳೆಯ, ಭಾರದ ಹೆಡ್‌ಫೋನ್. ತೆಗೆದಿಟ್ಟ ಮೇಲೂ ಅವರ ನೆತ್ತಿಯ ಮೇಲೆ ಅದು ಒತ್ತಿದ ಗುಳಿ ಹಾಗೇ ಉಳಿಯುತ್ತಿತ್ತು. ಒಬ್ಬರದನ್ನು ಒಬ್ಬರು ಹಾಕಿಕೊಂಡು, "ಆಹಾ, ತಳದಲ್ಲಿ ಗಟ್ಟಿ ಇದೆ," "ಮೇಲೆ ಸ್ವಲ್ಪ ತೆಳು ಆಯ್ತು," ಎಂದು ಸಾರು ರುಚಿ ನೋಡುವವರಂತೆ ತಲೆದೂಗಿದರು. ಆಮೇಲೆ ಯಜಮಾನರು ಮೇಜಿನ ಮೇಲಿದ್ದ ಬಟ್ಟೆಯನ್ನು ಸರ್ರನೆ ಎಳೆದರು.

ಅಲ್ಲಿ ಒಂದು ತಲೆ ಇತ್ತು.

"ಅಯ್ಯಯ್ಯಪ್ಪಾ!" ಎಂದರು ಮೇಷ್ಟ್ರು.

"ಹೆದರಬೇಡಿ. ಇವನು ಬೋಳಣ್ಣ," ಎಂದರು ಯಜಮಾನರು. ಅಂಗಡಿಯಲ್ಲಿ ಕನ್ನಡಕ ತೊಡಿಸಿ ನಿಲ್ಲಿಸುತ್ತಿದ್ದ ಗೊಂಬೆ ತಲೆ ಅದು. ಮೂಗಿನ ತುದಿ ಸವೆದದ್ದರಿಂದ ಕೆಲಸದಿಂದ ನಿವೃತ್ತನಾಗಿದ್ದ. ಈಗ ಯಜಮಾನರು ಅವನಿಗೆ ರಬ್ಬರಿನ ಎರಡು ಕಿವಿ ಅಂಟಿಸಿ, ಒಂದೊಂದು ಕಿವಿಯೊಳಗೂ ಒಂದೊಂದು ಪುಟ್ಟ ಮೈಕ್ ಕೂರಿಸಿದ್ದರು. "ನಮ್ಮ ಕಿವಿಗೆ ಹೇಗೆ ಕೇಳುತ್ತೋ ಹಾಗೇ ಇವನಿಗೂ ಕೇಳುತ್ತೆ. ಎಡಗಡೆ ಆದದ್ದು ಎಡಗಡೆ, ಬೆನ್ನ ಹಿಂದೆ ಆದದ್ದು ಬೆನ್ನ ಹಿಂದೆ. ವಾರವೆಲ್ಲ ಇವನನ್ನ ಇಲ್ಲೇ ಕೂರಿಸಿದ್ದೆ. ಶಬ್ದ ಆದ್ರೆ ರೆಕಾರ್ಡರ್ ತಾನೇ ಚಾಲೂ ಆಗುತ್ತೆ, ಇಲ್ಲದಿದ್ರೆ ಸುಮ್ಮನಿರುತ್ತೆ. ಖಾಲಿ ಮನೆ ತನ್ನಷ್ಟಕ್ಕೆ ತಾನು ಹೇಗಿರುತ್ತೆ ಅಂತ ಇವತ್ತು ಕೇಳೋಣ."

"ಸಂಜೆ ನೀವು ಮನೇಲಿರ್ತೀರಲ್ಲ, ಅದೂ ಸೇರಿರುತ್ತೆ ತಾನೆ?" ಮೇಷ್ಟ್ರು ಲೆಕ್ಕ ತಪ್ಪುವವರಲ್ಲ.

"ನಾನಿದ್ದಾಗ ಶಬ್ದ ಎಲ್ಲಿಂದ ಬರಬೇಕು ಮೇಷ್ಟ್ರೇ? ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀನಿ. ಕೋಣೆ ಸ್ಮಶಾನದ ಹಾಗಿರುತ್ತೆ. ಇದರಲ್ಲಿರೋದೆಲ್ಲ ನಾನು ಅಂಗಡೀಲಿದ್ದಾಗಿನದೇ."

ಮೂವರಿಗೂ ಇದು ಸರಿ ಎನ್ನಿಸಿತು. ಅವರೂ ತಂತಮ್ಮ ಮನೆಗಳಲ್ಲಿ ಹಾಗೇ ನಿಶ್ಶಬ್ದವಾಗಿ ಇರುವವರೇ.

ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿ, ನಾಲ್ಕು ಹೆಡ್‌ಫೋನುಗಳನ್ನು ಒಂದೇ ಪೆಟ್ಟಿಗೆಗೆ ಜೋಡಿಸಿ ಎಲ್ಲರೂ ಕೂತರು. ಯಜಮಾನರು ಕಿಟಕಿ ಪಕ್ಕದ ತಮ್ಮ ಎಂದಿನ ಕುರ್ಚಿಯಲ್ಲಿ. ನಡುವೆ ಮೇಜಿನ ಮೇಲೆ ಬೋಳಣ್ಣ, ಕಣ್ಣುಗುಡ್ಡೆಯಿಲ್ಲದ ಕಣ್ಣಲ್ಲಿ ಎಲ್ಲರನ್ನೂ ನೋಡುತ್ತಿದ್ದ.

ಮೊದಲು ಏನೂ ಇರಲಿಲ್ಲ. ಬರೀ ಕೋಣೆಯ ಗಾಳಿ. ಆಮೇಲೆ ಬೆನ್ನ ಹಿಂದೆ ಬಾಗಿಲು ಕಿರ್ರ್ ಎಂದಿತು. ನಾಲ್ವರೂ ಒಟ್ಟಿಗೇ ತಿರುಗಿ ನೋಡಿದರು. ಬಾಗಿಲು ಹಾಕಿಯೇ ಇತ್ತು. ಬರಿಗಾಲಿನ ಹೆಜ್ಜೆ ಒಂದೊಂದಾಗಿ ಹತ್ತಿರ ಬಂದು, ಡಾಕ್ಟರ ಕುರ್ಚಿಯ ಪಕ್ಕದಲ್ಲೇ ಹಾದುಹೋಯಿತು. ಡಾಕ್ಟರು ದಾರಿ ಬಿಡಲು ಕಾಲು ಮೇಲೆತ್ತಿಕೊಂಡರು. ಯಜಮಾನರಿಗೆ ಖುಷಿಯೋ ಖುಷಿ, ಕೋಣೆ ಗೆದ್ದ ಹಾಗೇ.

"ಇವತ್ತು ಸೂಜಿಗೆ ದಾರ ಪೋಣಿಸೋಕೇ ಆಗ್ಲಿಲ್ಲ," ಎಂದಿತು ಹೆಂಡತಿಯ ಧ್ವನಿ, ಕಿವಿಗೆ ಉಸಿರು ತಾಕುವಷ್ಟು ಹತ್ತಿರದಲ್ಲಿ.

ಯಜಮಾನರು ನಸುನಕ್ಕರು. ಪಾಪ, ಒಬ್ಬಳೇ ಇದ್ದಾಗ ಮಾತಾಡಿಕೊಳ್ಳುತ್ತಾಳೆ.

"ಹೂಂ," ಎಂದಿತು ಇನ್ನೊಂದು ಧ್ವನಿ.

ಗಂಡಸಿನ ಧ್ವನಿ. ಬಾವಿಯ ತಳದಿಂದ ಬಂದ ಹಾಗೆ ನಿಧಾನ, ಅದರಲ್ಲಿ ಸಂತೋಷವಿಲ್ಲ, ದುಃಖವಿಲ್ಲ, ಜೀವವೇ ಇಲ್ಲ. ಯಜಮಾನರ ನಗು ಮೀಸೆಯಲ್ಲೇ ನಿಂತಿತು.

"ಕಣ್ಣು ಉರಿಯುತ್ತೆ. ಆ ದಾರೀಲಿ ಬೆಳಕೇ ಸಾಲಲ್ಲ."

"ಹೂಂ."

"ಕೇಳಿಸ್ಕೊಳ್ತಾ ಇದೀರಾ?"

"ಹೂಂ."

ಆಮೇಲೆ ಟಕ್... ಟಕ್... ಎಂದು ಯಾರೋ ಬೆರಳಿನಿಂದ ಮರ ಬಡಿಯುವ ಸದ್ದು. ಅದರ ಹಿಂದೆಯೇ ಒಂದು ನರಳಾಟ ಏಳತೊಡಗಿತು. ಊಂ... ಊಂಊಂ... ಎಂದು ಏರಿ, ಎಲ್ಲೋ ಒಡೆದು, ಕುಸಿದು, ಮತ್ತೆ ಏರುವ ನರಳಾಟ. ರಿಪೇರಿಯವನು ಹೆಡ್‌ಫೋನ್ ಕಿತ್ತು ತೊಡೆಯ ಮೇಲೆ ಹಾಕಿಕೊಂಡ. ಯಜಮಾನರು ರೆಕಾರ್ಡರನ್ನು ನಿಲ್ಲಿಸಿದರು.

"ಬಾಯಿ ಮುಚ್ಕೊಂಡು ನರಳ್ತಿದೆ," ಡಾಕ್ಟರು ಪಿಸುಗುಟ್ಟಿದರು. "ನಾನು ದಿನಾ ಕೇಳೋ ಶಬ್ದ. ತುಂಬಾ ನೋವಿರೋ ಜೀವ."

"ಜೀವ ಅಂತೀರಾ?" ಎಂದರು ಮೇಷ್ಟ್ರು. "ನಿಮ್ಮನೆಯವರು ಮಾತಾಡಿಸೋ ರೀತಿ ನೋಡಿದ್ರೆ, ಕೇಳಿ ಕೇಳಿ ಬೇಜಾರಾಗಿರೋ ಹಾಗಿದೆ. ಬಹಳ ದಿನದಿಂದ ಪರಿಚಯ. ಈ ಮನೇಲಿ ಮುಂಚೆ ಯಾರಿದ್ರು?"

"ಒಬ್ರು ಮುದುಕರು," ಎಂದರು ಯಜಮಾನರು.

"ಏನಾದ್ರು ಅವರು?"

"ಹೋಗಿಬಿಟ್ರು."

"ಯಾವಾಗ?"

"ನಾವು ಬರೋಕೆ ಮುಂಚೆ. ಮಗಳ ಮನೆಗೆ."

"ಆಮೇಲೆ ವಿಚಾರಿಸಿದ್ರಾ, ಇದಾರೋ ಇಲ್ವೋ?"

ಯಜಮಾನರು ವಿಚಾರಿಸಿರಲಿಲ್ಲ. ಕಿವಿ ಪಳಗಿದವರು ಬಿಡುತ್ತಾರೆಯೇ, ಇನ್ನೊಮ್ಮೆ ಹಾಕಿಸಿ ದಿಕ್ಕು ಪತ್ತೆ ಮಾಡಿದರು. ಎಡಕ್ಕೆ, ಸ್ವಲ್ಪ ಮುಂದೆ, ಕೂತ ಮನುಷ್ಯನ ಎತ್ತರದಲ್ಲಿ. ರಿಪೇರಿಯವನು ಬೋಳಣ್ಣನ ಹಿಂದೆ ನಿಂತು ಬೆರಳು ಚಾಚಿದ. ಬೆರಳು ನೆಟ್ಟಗೆ ಯಜಮಾನರ ಹೊಟ್ಟೆಗೆ ಗುರಿಯಿಟ್ಟಿತ್ತು.

"ಸಾರ್... ನೀವು ಕೂತಿರೋ ಕುರ್ಚೀಲೇ."

ಯಜಮಾನರು ಕುರ್ಚಿಯಿಂದ ಹಾರಿ ಮೇಷ್ಟ್ರ ಮಗ್ಗುಲಲ್ಲಿ ಬಿದ್ದರು. ವರ್ಷಗಟ್ಟಲೆ ತಾವು ಯಾರ ತೊಡೆಯ ಮೇಲೆ ಕೂತು ಸಂಗೀತ ಕೇಳುತ್ತಿದ್ದೇವೋ ಎಂದು ನೆನೆದರೆ ಅಂಗಾಲು ತಣ್ಣಗಾಯಿತು. ತಾವು ಅಂಗಡಿಗೆ ಹೋದ ಮೇಲೆ ಹೆಂಡತಿ ಇಲ್ಲಿ ಬಂದು, ಅದರ ಮುಂದೆ ನಿಂತು, ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ! ತಮ್ಮ ಹತ್ತಿರ ಒಂದು ದಿನ ಹೇಳಲಿಲ್ಲವಲ್ಲ!

"ಮುಂದಕ್ಕೆ ಬಿಡಿ ಸಾರ್," ಎಂದರು ಡಾಕ್ಟರು. ಭಯವಾದರೂ ಆಸೆ ಬಿಡದು.

ಯಜಮಾನರು ಗುಂಡಿ ಒತ್ತಿದರು. ಮತ್ತೆ ಬಾಗಿಲು, ಮತ್ತೆ ಹೆಜ್ಜೆ.

"ಒಂದೊಂದ್ಸಲ ಅನ್ನಿಸುತ್ತೆ, ನಾನು ಸತ್ತುಹೋದ್ರೂ ನಿಮಗೆ ಗೊತ್ತಾಗಲ್ಲ ಅಂತ."

"ಹೂಂ."

"ಹಾಗಾದ್ರೆ ಈ ಕೋಣೇನ ನನಗೆ ಬಿಟ್ಟುಕೊಡಿ. ಕಿಟಕಿ ಹತ್ರ ಮೆಷಿನ್ ಇಟ್ಕೊಳ್ತೀನಿ. ಆಗಬಹುದಾ?"

"ಹೂಂ."

"ಆಮೇಲೆ ಮಾತು ತಪ್ಪಬಾರದು."

"ಹೂಂ ಹೂಂ."

"ಯಾವನಯ್ಯಾ ಅವನು ನನ್ನ ಕೋಣೆ ಕೊಡೋಕೆ!" ಯಜಮಾನರು ಕಿರುಚಿಯೇಬಿಟ್ಟರು. ಹೆಂಡತಿ ಸಾವಿನ ಮಾತಾಡಿದಾಗ ಬಾರದ ಕೂಗು ಕೋಣೆಯ ಮಾತಿಗೆ ಬಂತಲ್ಲ ಎಂದು ಅವರಿಗೇ ಒಂದು ಕ್ಷಣ ನಾಚಿಕೆಯಾಯಿತು. ಆದರೆ ರೆಕಾರ್ಡರ್ ಓಡುತ್ತಲೇ ಇತ್ತು. ಬೆನ್ನ ಹಿಂದೆ ಮತ್ತೊಮ್ಮೆ ಬಾಗಿಲು ಕಿರ್ರ್ ಎಂದಿತು. ಈ ಸಲ ಯಾರೂ ತಿರುಗಲಿಲ್ಲ, ಮೋಸಹೋಗಿ ಸಾಕಾಗಿತ್ತು. ಹೆಜ್ಜೆಗಳು ಹತ್ತಿರ ಬಂದು ನಿಂತವು. ಮರುಕ್ಷಣ ಯಜಮಾನರ ಭುಜದ ಮೇಲೆ ಒಂದು ತಣ್ಣನೆಯ ಕೈ ಬಿತ್ತು.

ಯಜಮಾನರು ಹೊರಡಿಸಿದ ಚೀತ್ಕಾರಕ್ಕೆ ಮೂವರ ಹೆಡ್‌ಫೋನುಗಳೂ ಕೆಳಗೆ ಬಿದ್ದವು.

"ಏನ್ರೀ ಇದು, ಮಕ್ಕಳ ಹಾಗೆ! ಕತ್ತಲಲ್ಲಿ ಏನು ಮಾಡ್ತಾ ಇದೀರಿ ಎಲ್ಲ?" ಹೆಂಡತಿ. ಮನೆಗೆ ಬಂದು, ಕೈಕಾಲು ತೊಳೆದು, ಟೀ ಮಾಡಲಾ ಎಂದು ಕೇಳಲು ಬಂದಿದ್ದಳು.

"ಯಾರದು?" ಯಜಮಾನರು ಅವಳ ಕೈ ಹಿಡಿದುಕೊಂಡರು. "ನಿಜ ಹೇಳು, ಬಯ್ಯಲ್ಲ. ಈ ಕೋಣೇಲಿ ನೀನು ಮಾತಾಡಿಸ್ತೀಯಲ್ಲ, ಅದು ಯಾರು?"

ಅವಳಿಗೆ ಅರ್ಥವಾಗಲಿಲ್ಲ. ರಿಪೇರಿಯವನು, "ಅತ್ತಿಗೆ, ನೀವೇ ಕೇಳಿ," ಎಂದು ಹೆಡ್‌ಫೋನ್ ಚಾಚಿದ. ಕಿವಿಯ ಬಳಿ ಏನೋ ಅಡ್ಡ ಬಂದಂತಾಗಿ ಸರಿಮಾಡಿಕೊಂಡು ಅವಳು ಅದನ್ನು ಹಾಕಿಕೊಂಡಳು. ಆ ಮನೆಯಲ್ಲಿ ಅವಳು ಹೆಡ್‌ಫೋನ್ ಹಾಕಿದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ಮೊದಲು ಬೆರಗು, ಆಮೇಲೆ ನಗುವೋ ಅಳುವೋ ತಿಳಿಯದ ಏನೋ ಒಂದು. ಕೊನೆಯವರೆಗೂ ಕೇಳಿ ತೆಗೆದಳು.

"ನಿಮಗೆ ಗುರುತೇ ಸಿಗಲಿಲ್ವಾ?"

"ಇಲ್ಲ!"

"ನಿಜವಾಗ್ಲೂ?"

"ಆಣೆಗೂ ಇಲ್ಲ ಕಣೇ!"

"ಸರಿ. ಹೋಗಿ ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ. ನಿಮಗೆ ಬೇಕಾದ ಹಾಡು ಹಾಕ್ಕೊಳ್ಳಿ. ಅದು ಯಾರು ಅಂತ ಇವರಿಗೆ ತೋರಿಸ್ತೀನಿ."

ಆ ಕುರ್ಚಿಯಲ್ಲಿ ಕೂರಲು ಯಜಮಾನರಿಗೆ ಜೀವವೇ ಬಾಯಿಗೆ ಬಂತು. ಆದರೂ ನಾಲ್ಕು ಜನರ ಮುಂದೆ ಮರ್ಯಾದೆ ಪ್ರಶ್ನೆ. ಕೂತರು. ಹೆಡ್‌ಫೋನ್ ಹಾಕಿ ತಮ್ಮ ಪ್ರೀತಿಯ ಹಾಡು ಹಚ್ಚಿದರು. ತಂಬೂರಿ ಎದ್ದಿತು, ಕೊಳಲು ಬಂತು. ಭಯ ಮೆಲ್ಲಗೆ ಕರಗಿ ಕಣ್ಣು ತಾನಾಗಿ ಮುಚ್ಚಿತು. ಆಹಾ, ಆ ಏರಿಕೆ! ಆ ಇಳಿತ! ಲೋಕದಲ್ಲಿ ಅವರಿಗೂ ಕೊಳಲಿಗೂ ನಡುವೆ ಬೇರೆ ಯಾರೂ ಇರಲಿಲ್ಲ.

ಹಾಡು ಮುಗಿದು ಕಣ್ಣು ಬಿಟ್ಟರೆ, ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರು ಅವರ ತೋಳು ಹಿಡಿದುಕೊಂಡಿದ್ದರು. ರಿಪೇರಿಯವನು ಬಾಗಿಲ ಹತ್ತಿರ ಸೇರಿಬಿಟ್ಟಿದ್ದ. ಮೂವರೂ ಯಜಮಾನರನ್ನೇ ನೋಡುತ್ತಿದ್ದರು, ಮನುಷ್ಯರನ್ನು ನೋಡುವ ಹಾಗಲ್ಲ.

"ಏನಾಯ್ತು? ಬಂದಿತ್ತಾ? ಎಲ್ಲಿ?" ಯಜಮಾನರು ಅಕ್ಕಪಕ್ಕ ನೋಡಿದರು.

ಡಾಕ್ಟರು ಮೇಷ್ಟ್ರ ತೋಳು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. "ಸಾರ್... ಅದು ನೀವೇ."

"ಏನು ಮಾತು ಅಂತ ಆಡ್ತೀರಿ! ನನ್ನ ಧ್ವನಿ ನನಗೆ ಗೊತ್ತಿಲ್ವಾ?"

"ನಮಗೂ ಗೊತ್ತಾಗ್ಲಿಲ್ಲ ಸಾರ್," ಎಂದ ರಿಪೇರಿಯವನು. "ನಮ್ಮ ಹತ್ರ ಮಾತಾಡುವಾಗ ನಿಮ್ಮ ಧ್ವನಿ ಹೀಗಿರಲ್ಲ."

"ಆ ನರಳಾಟ?"

"ಹಾಡಿನ ಜೊತೆ ಹಾಡ್ತಿದ್ರಿ," ಎಂದರು ಮೇಷ್ಟ್ರು, ಬಹಳ ಕನಿಕರದಿಂದ. "ಬೆರಳಲ್ಲಿ ತಾಳಾನೂ ಹಾಕ್ತಿದ್ರಿ."

ಯಜಮಾನರು ಬೆಪ್ಪಾಗಿ ಹೆಂಡತಿಯತ್ತ ತಿರುಗಿದರು. ಅವಳು ಅಲ್ಲಿರಲಿಲ್ಲ. ಹೊರಗೆ ಏನೋ ಭಾರವಾದದ್ದನ್ನು ಎಳೆಯುವ ಸದ್ದು ಕೇಳಿಸಿತು.

"ನಾನು ಕಣ್ಣು ಮುಚ್ಚಿದ್ದಾಗ ಏನಾದ್ರೂ ಕೇಳಿದ್ಲಾ?"

"ಮೆಷಿನ್ ಈಗಲೇ ಒಳಗೆ ತರಲಾ ಅಂದ್ರು."

"ನಾನೇನಂದೆ?"

ಮೂವರೂ ಒಟ್ಟಿಗೆ, ಒಂದೇ ಶ್ರುತಿಯಲ್ಲಿ, "ಹೂಂ," ಎಂದರು.

ಮೆಷಿನನ್ನು ಹೊತ್ತು ತಂದವರೂ ಅವರೇ. ಮೇಜಿನ ಮೇಲಿದ್ದ ಪೆಟ್ಟಿಗೆ, ವೈರು, ಬೋಳಣ್ಣ ಎಲ್ಲ ಅಟ್ಟದ ಮೇಲಕ್ಕೆ ವರ್ಗವಾದವು. ಕಾಯಂ ನೆಲೆಯ ಮಾತನ್ನು ಯಾರೂ ಎತ್ತಲಿಲ್ಲ. ಟೀ ಸಹ ಕುಡಿಯದೆ ಮೂವರೂ ಅವಸರದಲ್ಲಿ ಮನೆಗೆ ಹೊರಟರು. ತಾವು ತಾವು ಯಾವ್ಯಾವುದಕ್ಕೆ ಒಪ್ಪಿಕೊಂಡು ಕೂತಿದ್ದೇವೋ ಎಂಬ ದಿಗಿಲು ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಹೆಂಡತಿ ಪರದೆಯನ್ನು ಪೂರಾ ಸರಿಸಿದಳು. ಇಳಿಬಿಸಿಲು ಕೋಣೆಯ ತುಂಬ ಬಿತ್ತು. ಅವಳು ಕಿಟಕಿಯ ಬಳಿ ಕೂತು ಮೆಷಿನ್ನಿಗೆ ಬಟ್ಟೆ ಕೊಟ್ಟಳು. ಯಜಮಾನರು ಬಾಗಿಲಲ್ಲಿ ನಿಂತರು. ಕೋಣೆ ಹೋದ ಸಂಕಟ ಒಂದು ಕಡೆ ಇದ್ದರೂ, ಆ ಜೀವವಿಲ್ಲದ ಧ್ವನಿಗೆ ಇವಳು ಒಬ್ಬಳೇ ಇಷ್ಟು ದಿನ ಮಾತಾಡಿದಳಲ್ಲ ಎಂಬುದು ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು. ಅವರಿಗೆ ಒಂದು ಒಳ್ಳೆಯ ಮಾತು ಹೊಳೆಯಿತು.

"ಕಣ್ಣು ಉರಿಯುತ್ತೆ ಅಂದಿದ್ಯಲ್ಲ. ನಾಳೆ ಅಂಗಡಿಗೆ ಬಾ. ನಾನೇ ಪರೀಕ್ಷೆ ಮಾಡಿ ಕನ್ನಡಕ ಹಾಕ್ತೀನಿ. ಒಳ್ಳೇ ಫ್ರೇಮ್."

ಹೆಂಡತಿ ತಲೆಯೆತ್ತಿ ಅವರತ್ತ ನೋಡಿದಳು. ಬಿಸಿಲು ಅವಳ ಮುಖದ ಮೇಲೆ ಎರಡು ಕಡೆ ಫಳ್ಳೆಂದಿತು. ಅವಳು ಕನ್ನಡಕ ಹಾಕಿದ್ದಳು.

"ಇದು... ಯಾವಾಗ?"

"ಆಗಲೇ ನಾಲ್ಕು ದಿನ ಆಯ್ತು."

"ಎಲ್ಲಿ ಮಾಡಿಸಿದೆ?"

"ನಿಮ್ಮ ಎದುರಂಗಡೀಲಿ. ಅವರ ಹತ್ರಾನೇ ಹೋಗಲಾ ಅಂತ ನಿಮ್ಮನ್ನ ಕೇಳಿಯೇ ಹೋದೆ."

ತಾವು ಏನೆಂದಿದ್ದೆವು ಎಂದು ಯಜಮಾನರು ಕೇಳಲಿಲ್ಲ. ಗೋಡೆ ಹಿಡಿದುಕೊಂಡು, ಎಷ್ಟೋ ಕಾಲದ ಮೇಲೆ ಹೆಂಡತಿಯ ಮುಖವನ್ನು ನೆಟ್ಟ ದೃಷ್ಟಿಯಿಂದ ನೋಡಿದರು. ಕಂದು ಬಣ್ಣದ ಫ್ರೇಮ್. ಚೆನ್ನಾಗಿಯೇ ಒಪ್ಪಿತ್ತು. ಎದುರಂಗಡಿಯವನ ಕೈಕೆಲಸ ಮಾತ್ರ ಎಂದಿನಂತೆ ಅರೆಬರೆ.

"ಎಡಗಡೆ ಕಿವಿ ಹತ್ರ ಸ್ವಲ್ಪ ಸಡಿಲ ಇದೆ," ಎಂದರು ಮೆಲ್ಲಗೆ. "ಕೊಡು, ಈಗಲೇ ಸರಿಮಾಡಿಕೊಡ್ತೀನಿ. ಕೇಳಿಸ್ತಾ?"

ಮೆಷಿನ್ ದಡದಡ ಓಡತೊಡಗಿತ್ತು. ಹೆಂಡತಿ ಹೊಲಿಗೆಯಿಂದ ಕಣ್ಣು ಕೀಳಲಿಲ್ಲ.

"ಹೂಂ," ಎಂದಳು.