ಪೇಶೆಂಟಿನ ಜನ ಯಾರು?

ಕತ್ತಲೆ ಕೋಣೆಯಲ್ಲಿ ಕೂತವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ ಮಾರಾಯ್ರೆ, ಅದೇ ಬಾಗಿಲು ದೂಡಿಕೊಂಡು ಬರುತ್ತದೆ. ಎಂಬತ್ತರ ದಶಕದಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಕೋ ಮೆಶಿನ್ ನಡೆಸುತ್ತಿದ್ದವನು ನಾನೊಬ್ಬನೇ. ಕ್ಯಾನ್ಸರಿನ ಆಪರೇಶನ್ನಿಗೆ ಮೊದಲು ಅದರಲ್ಲಿ ಹೃದಯದ ಚಿತ್ರ ತೆಗೆಯಬೇಕು. ಹೃದಯ ತಡೆದುಕೊಂಡೀತು ಎಂದು ಕಂಡರೆ ಮಾತ್ರ ಡಾಕ್ಟರು ಮುಂದುವರಿಯುವುದು. ಫಾರ್ಮಿಗೆ ಜತೆಯವರ ಸಹಿ ಬೇಕಾದ್ದರಿಂದ ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: "ಪೇಶೆಂಟಿನ ಜನ ಯಾರು?" ನನಗಂತೂ ಜನ ಇರಲಿಲ್ಲ. ಊಟ ಹೋಟೆಲಿನಲ್ಲಿ, ಮಾತು ಪೇಶೆಂಟುಗಳ ಹತ್ತಿರ.

೧

ನಂತೂರಿನ ಹೋಟೆಲ್ ಧಣಿಯೊಬ್ಬರಿಗೆ ಹೊಟ್ಟೆಯ ಕ್ಯಾನ್ಸರ್. ಜತೆಗೆ ವ್ಯಾನ್ ತುಂಬ ಕುಟುಂಬ. ಜನ ಯಾರು ಅಂತ ಕೇಳಿದರೆ ಹನ್ನೊಂದು ಕೈ ಮೇಲೆದ್ದವು. ಹೇಗೂ ಇಲ್ಲಿಯವರೆಗೆ ಬಂದಾಯಿತು, ನಮ್ಮದೂ ಒಮ್ಮೆ ನೋಡಿಬಿಡಿ ಅಂತ ಶುರು ಮಾಡಿದರು. ಆಗುವುದಿಲ್ಲ ಎಂದರೂ ಕೇಳದೆ ಹಿರಿತನದ ಪ್ರಕಾರ ಸಾಲು ನಿಂತೇಬಿಟ್ಟರು, ದೊಡ್ಡ ಮಾವ ಎಲ್ಲರ ಮುಂದೆ. ಪೇಶೆಂಟ್ ಎಲ್ಲಿ ಅಂತ ಹುಡುಕಿದರೆ, ಧಣಿ ಎಲ್ಲರಿಗಿಂತ ಕಿರಿಯರಂತೆ, ಸಾಲಿನ ಕಡೆಯಲ್ಲಿದ್ದರು.

"ಹಿರಿಯರದ್ದು ಆಗಲಿ," ಅಂದರು. "ನನ್ನದು ಎಂತ ಅವಸರ?"

೨

ವಾಮಂಜೂರಿನ ನಿವೃತ್ತ ಟೀಚರ್ ಒಬ್ಬರು ಎದೆಯ ಗಡ್ಡೆ ಇಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ತಮ್ಮಂದಿರೆಲ್ಲ ಗಲ್ಫಿನಲ್ಲಿ. ಹೃದಯ ಗಟ್ಟಿ ಇತ್ತು, ಸಹಿಗೆ ಜನ ಇರಲಿಲ್ಲ. ಒಂದು ಸಹಿಗೋಸ್ಕರ ಆಪರೇಶನ್ ನಿಲ್ಲುವುದು ನೋಡಲಿಕ್ಕಾಗದೆ ನಾನೇ ಹಾಕಿದೆ. ಆಪರೇಶನ್ನಿನ ದಿನ ಹೊರಗೆ ಬೆಂಚಿನಲ್ಲಿ ಕೂತೂ ಇದ್ದೆ. ವಾರ್ಡಿನ ಸಿಸ್ಟರಿಗೆ ಸಂಶಯ. ಟೀಚರಿಗೆ ಎಚ್ಚರವಾದ ಕೂಡಲೇ ಇವರು ನಿಮ್ಮ ಅಪ್ಪನ ಕಡೆಯವರಾ, ಅಮ್ಮನ ಕಡೆಯವರಾ ಅಂತ ಕೇಳಿದರು.

"ಮೆಶಿನಿನ ಕಡೆಯವರು," ಅಂದರು ಟೀಚರ್.

ಆಮೇಲೆ ನಾಲ್ಕು ವರ್ಷ ಬದುಕಿದರು. ಪ್ರತಿ ಕ್ರಿಸ್ಮಸ್ಸಿಗೂ ನನಗೊಂದು ಡಬ್ಬ ಕುಸ್ವಾರ್ ತಿಂಡಿ ತಪ್ಪುತ್ತಿರಲಿಲ್ಲ, ಅದರಲ್ಲಿ ಕರಿದ ಸಿಹಿ ಕಲ್ಕಲ್ ಜಾಸ್ತಿ.

೩

ಅವರು ಹೋದ ಮರುವರ್ಷ ನನ್ನದೇ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ರೂಢಿಯಂತೆ ಚೀಟಿ ಬರೆದರು, ಹೃದಯದ ಚಿತ್ರ ತೆಗೆಸಿಕೊಂಡು ಬನ್ನಿ ಅಂತ. ತೆಗೆಯುವವನು ಯಾರು? ಚೀಟಿ ಹಿಡಿದುಕೊಂಡು ನನ್ನ ಕೋಣೆಗೇ ಹೋದೆ. ಅಂಗಿ ಬಿಚ್ಚಿ ಎಡಕ್ಕೆ ಮಲಗಿ, ಎದೆಗೆ ಜೆಲ್ಲಿ ಹಚ್ಚಿ, ಬಲಗೈಯಲ್ಲಿ ಮೆಶಿನಿನ ಪ್ರೋಬ್ ಅದರ ಮೇಲೆ ಒತ್ತಿ ಹಿಡಿದು, ಕುತ್ತಿಗೆ ತಿರುಗಿಸಿ ಪರದೆ ನೋಡಿದೆ. ಹೃದಯ ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ಇದು ತಡೆದುಕೊಳ್ಳುತ್ತದಾ ಇಲ್ಲವಾ ಅಂತ ನೋಡಬೇಕಾದ ಕಣ್ಣಿನಲ್ಲಿ ನೀರು ತುಂಬಿ ಎಂತದೂ ಕಾಣಲಿಲ್ಲ. ಟೀಚರ್ ಇದ್ದಿದ್ದರೆ ಹೊರಗೆ ಬೆಂಚಿನಲ್ಲಿ ಕೂತಿರುತ್ತಿದ್ದರು. ಅಷ್ಟು ವರ್ಷ ಎಲ್ಲರಿಗೂ ಹೇಳಿದ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು.

"ಹೆದರಬೇಡಿ, ನಾನಿದ್ದೇನಲ್ಲ."

ಕಣ್ಣೊರೆಸಿಕೊಂಡು ಪುನಃ ನೋಡಿದೆ. ಪುಣ್ಯಕ್ಕೆ ಗಟ್ಟಿಯೇ ಇತ್ತು.

ಅಷ್ಟರಲ್ಲಿ ಹೊಸ ಆಯಾ ಫಾರ್ಮ್ ಹಿಡಿದುಕೊಂಡು ಬಂದು ಬಾಗಿಲು ಬಡಿದಳು. ಒಳಗೆ ಯಾರುಂಟು ಅಂತ ಕೇಳಿದಳು. ಪೇಶೆಂಟ್ ಅಂದೆ. ಟೆಕ್ನೀಶಿಯನ್ ಎಲ್ಲಿ ಅಂದಳು. ಅವರೂ ಒಳಗೇ ಇದ್ದಾರೆ ಅಂದೆ.

"ಹಾಗಾದರೆ ಪೇಶೆಂಟಿನ ಜನ ಹೊರಗೆ ಬರಲಿ, ಸಹಿ ಬೇಕು."

"ಒಂದು ನಿಮಿಷ," ಅಂದೆ, "ಅಂಗಿ ಹಾಕಿಕೊಳ್ತಾ ಇದ್ದಾರೆ. ಈಗ ಬರ್ತಾರೆ."